ಕಡಲ ತಳದ ಹಂಡೆ

ಕೇಳುಗರಿಗೆಲ್ಲ ನಮಸ್ಕಾರ.

ಹಳೆಯ ಮನೆಗಳ ಬಚ್ಚಲಲ್ಲಿ ಒಲೆಯ ಮೇಲೆ ಕೂತಿರುತ್ತಿದ್ದ ಹಂಡೆ ನೆನಪಿದೆಯಾ? ದೊಡ್ಡ ಹೊಟ್ಟೆ, ತೆರೆದ ಬಾಯಿ. ಕಣ್ಣಾಮುಚ್ಚಾಲೆ ಆಡುವಾಗ ಒಂದು ಮಗು ಒಳಗೆ ಅಡಗಿ ಕೂತರೆ ಹುಡುಕುವವರಿಗೆ ಸಿಗುತ್ತಲೇ ಇರಲಿಲ್ಲ. ಅಂಥ ಹಂಡೆಯೊಂದನ್ನು ಯಾರೋ ಸಮುದ್ರದ ತಳಕ್ಕೆ ಒಯ್ದು, ಹವಳದ ದಿಬ್ಬದ ಮೇಲೆ ಇಟ್ಟುಬಂದಿದ್ದಾರೆ ಅಂದುಕೊಳ್ಳಿ. ಬಣ್ಣ ಕೆಂಪು ಬೆರೆತ ಕಂದು. ಹೊರಮೈಯೆಲ್ಲ ಉಬ್ಬು ತಗ್ಗು, ನೆರಿಗೆ ನೆರಿಗೆ. ಮುಟ್ಟಿದರೆ ಮರದ ಹಾಗೆ ಗಟ್ಟಿ.

ಇದು ಪಾತ್ರೆಯಲ್ಲ, ಗಿಡವೂ ಅಲ್ಲ. ಜೀವಂತ ಪ್ರಾಣಿ. ಹೆಸರು ಬ್ಯಾರೆಲ್ ಸ್ಪಂಜು. ಬ್ಯಾರೆಲ್ ಅಂದರೆ ಪೀಪಾಯಿ. ಹೆಸರಿಡುವ ಕೆಲಸ ನಮ್ಮವರಿಗೆ ಬಿಟ್ಟಿದ್ದರೆ ಹಂಡೆ ಸ್ಪಂಜು ಅನ್ನುತ್ತಿದ್ದರೋ ಏನೋ.

ಸ್ಪಂಜು ಅಂದ ಕೂಡಲೇ ನಮ್ಮ ವಯಸ್ಸಿನವರಿಗೆ ಸ್ಲೇಟು ಒರೆಸುವ ಮೆತ್ತನೆಯ ತುಂಡು ನೆನಪಾಗುತ್ತದೆ, ಅಲ್ವಾ? ಇದು ಆ ಜಾತಿಯಲ್ಲ. ಇದರ ಮೈಯೊಳಗೆ ಗಾಜಿನಂಥ ಸಣ್ಣ ಸಣ್ಣ ಸೂಜಿಗಳು ಒತ್ತಾಗಿ ಹೆಣೆದುಕೊಂಡಿವೆ. ಮೈ ಉಜ್ಜಿಕೊಳ್ಳುವ ಆಸೆ ಬೇಡ.

ಇದಕ್ಕೆ ಬಾಯಿಲ್ಲ, ಹೊಟ್ಟೆಯಿಲ್ಲ, ಹೃದಯವಿಲ್ಲ, ಮಿದುಳಿಲ್ಲ. ಹುಟ್ಟಿ ಕೆಲವೇ ದಿನಕ್ಕೆ ಒಂದು ಜಾಗದಲ್ಲಿ ಅಂಟಿಕೊಂಡರೆ ಸಾಯುವ ತನಕ ಅಲ್ಲೇ. ನೋಡಿದವರು ಸುಮ್ನೆ ಕೂತಿದೆ ಅಂದುಕೊಳ್ಳುತ್ತಾರೆ. ಸುಮ್ನೆ ಕೂತಿಲ್ಲ ಅಂತ ತೋರಿಸುವುದಕ್ಕೆ ಮುಳುಗುಗಾರರು ಒಂದು ಆಟ ಮಾಡುತ್ತಾರೆ. ನನಗೆ ಈಜು ಬರುವುದಿಲ್ಲ, ನಾನು ಇದನ್ನು ನೋಡಿದ್ದು ವಿಡಿಯೋದಲ್ಲೇ. ಆದರೂ ಹತ್ತು ಸಲ ನೋಡಿರಬಹುದು.

ಒಂದು ಸಿರಿಂಜು. ಅದರೊಳಗೆ ಹೊಳೆಯುವ ಹಸಿರು ಬಣ್ಣ, ಜೀವಿಗಳಿಗೆ ತೊಂದರೆ ಮಾಡದಂಥದ್ದು. ಅದನ್ನು ಸ್ಪಂಜಿನ ಬುಡದ ಹತ್ತಿರ, ಹೊರಮೈಗೆ ಒತ್ತಿಕೊಂಡ ಹಾಗೆ ಬಿಡುತ್ತಾರೆ. ಬಣ್ಣದ ಮೋಡ ಒಂದು ಕ್ಷಣ ಅಲ್ಲೇ ತೇಲುತ್ತದೆ. ಆಮೇಲೆ ಗೋಡೆಯೊಳಕ್ಕೆ ಇಳಿದುಹೋಗುತ್ತದೆ. ಕೆಲವೇ ಸೆಕೆಂಡಿನಲ್ಲಿ ಹಂಡೆಯ ಬಾಯಿಂದ ಹಸಿರು ಹೊಗೆ ಮೇಲೇಳುತ್ತದೆ, ಒದ್ದೆ ಸೌದೆ ಹಾಕಿದ ಒಲೆಯ ಹಾಗೆ.

ಆಗುವುದು ಇಷ್ಟು. ಹೊರಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳು. ಒಳಗೆ ಪುಟ್ಟ ಪುಟ್ಟ ಕೋಣೆಗಳು. ಆ ಕೋಣೆಗಳ ಗೋಡೆಯ ಒಂದೊಂದು ಜೀವಕೋಶಕ್ಕೂ ಚಾಟಿಯಂಥ ಒಂದು ಬಾಲ. ಲಕ್ಷಾಂತರ ಬಾಲಗಳು ಬಡಿಯುತ್ತಲೇ ಇರುತ್ತವೆ, ನೀರು ಒಳಗೆ ಬರುತ್ತಲೇ ಇರುತ್ತದೆ. ಬಂದ ನೀರಿನಿಂದ ಬ್ಯಾಕ್ಟೀರಿಯಾ ಮತ್ತು ಕರಗಿದ ಆಹಾರವನ್ನು ಹಿಡಿದುಕೊಂಡು, ಉಳಿದದ್ದನ್ನು ಮೇಲಿನಿಂದ ಬಿಡುತ್ತದೆ.

ಈ ನೀರಿನ ಓಟವನ್ನು ಬರಿಗಣ್ಣಿಗೆ ಕಾಣಿಸಿದ್ದು ಬಣ್ಣ. ಆದರೆ ಬಣ್ಣವಿಲ್ಲದೆಯೇ ಅದನ್ನು ಕಂಡವರೊಬ್ಬರಿದ್ದರು. 1825ರ ಸುಮಾರಿಗೆ ಸ್ಕಾಟ್ಲೆಂಡಿನ ಪ್ರಾಣಿವಿಜ್ಞಾನಿ ರಾಬರ್ಟ್ ಗ್ರಾಂಟ್, ಎಡಿನ್‌ಬರಾ ಪಕ್ಕದ ಕಡಲಿನ ಒಂದು ಸಣ್ಣ ಸ್ಪಂಜನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡುತ್ತಾ ಕೂತರು. ಅದರ ತೂತಿನಿಂದ ನೀರು ಚಿಮ್ಮುತ್ತಿತ್ತು. ಸ್ಪಂಜು ಗಿಡವೋ ಪ್ರಾಣಿಯೋ ಅಂತ ಆಗ ಇನ್ನೂ ವಾದ ನಡೀತಿತ್ತು. ಇದೇ ಗ್ರಾಂಟ್ ಜೊತೆ ಒಬ್ಬ ಹದಿಹರೆಯದ ವಿದ್ಯಾರ್ಥಿ ಆ ದಡದಲ್ಲಿ ಜೀವಿಗಳನ್ನು ಹುಡುಕುತ್ತಾ ತಿರುಗುತ್ತಿದ್ದ. ಅವನ ಹೆಸರು ಚಾರ್ಲ್ಸ್ ಡಾರ್ವಿನ್.

ಮತ್ತೆ ನಮ್ಮ ಹಂಡೆಗೆ ಬರೋಣ. ಇದರಲ್ಲಿ ಎರಡು ಬಳಗ ಹೆಸರುವಾಸಿ. ಒಂದು ಕೆರಿಬಿಯನ್ ಕಡೆಯದು: ಫ್ಲಾರಿಡಾ, ಬಹಾಮಾಸ್, ಕುರಸಾವ್. ಇನ್ನೊಂದು ಹಿಂದೂ ಮಹಾಸಾಗರದಿಂದ ಇಂಡೋನೇಷ್ಯಾ, ಆಸ್ಟ್ರೇಲಿಯಾದ ತನಕ ಹರಡಿದೆ. ನಮ್ಮ ದೇಶದ ಮನ್ನಾರ್ ಕೊಲ್ಲಿಯಲ್ಲೂ ಅಂಡಮಾನಿನಲ್ಲೂ ಇರುವುದು ಈ ಎರಡನೆಯದು. ದೊಡ್ಡವು ಆಳೆತ್ತರಕ್ಕೆ ಬೆಳೆಯುತ್ತವೆ. ಫ್ಲಾರಿಡಾ ಮತ್ತು ಬಹಾಮಾಸ್‌ನ ದಿಬ್ಬಗಳಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು. ದಿಬ್ಬದ ಮೇಲಿನ 30 ಮೀಟರ್ ಆಳದ ನೀರಷ್ಟನ್ನೂ ತಮ್ಮ ಮೈಯೊಳಗೆ ಹಾಯಿಸಿ ಬಿಡುವುದಕ್ಕೆ ಅಲ್ಲಿನ ಬ್ಯಾರೆಲ್ ಸ್ಪಂಜುಗಳಿಗೆ ಬೇಕಾಗುವುದು 2–3 ದಿನದಿಂದ 18 ದಿನ. ಎಷ್ಟು ದಿನ ಅನ್ನುವುದು ಸ್ಪಂಜುಗಳು ಎಷ್ಟು ದಟ್ಟವಾಗಿವೆ ಅನ್ನುವುದರ ಮೇಲೆ.

ಇಷ್ಟೊಂದು ದುಡಿಯುವ ಮನೆಯ ಸುತ್ತ ಬಿಡಾರ ಹೂಡುವವರಿಗೆ ಬರವೇ? ಹೊರಗಿನ ನೆರಿಗೆಯೊಳಗೆ ಬೆರಳ ತುದಿಯಷ್ಟು ಚಿಕ್ಕ, ಸಿಗಡಿಯ ದಾಯಾದಿಯಂಥ ಒಂದು ಜೀವಿ ಇರುತ್ತದೆ. ಗುಲಾಬಿ ಬಣ್ಣ, ಮೈಯೆಲ್ಲ ಬಿಳಿ ಕೂದಲು. ಇಂಡೋನೇಷ್ಯಾದ ಕಡಲಿನಲ್ಲಿ ಕ್ಯಾಮೆರಾ ಹಿಡಿದು ಇಳಿಯುವವರು ಇದನ್ನು ಹುಡುಕಿಕೊಂಡು ಒಂದೊಂದೇ ನೆರಿಗೆ ಇಣುಕುತ್ತಾರೆ. ಅಲ್ಲೇ ಪಕ್ಕದಲ್ಲಿ ಬಿಳಿ ಶಾವಿಗೆ ಚೆಲ್ಲಿದ ಹಾಗೆ ಹರಡಿಕೊಂಡಿರುವವು ಕಡಲ ಸೌತೆಗಳು. ಹೆಸರಿಗೆ ಸೌತೆ ಅಷ್ಟೇ, ಪ್ರಾಣಿಗಳು. ಸ್ಪಂಜಿನ ಮೈಯಿಂದ ಒಸರುವುದನ್ನು, ಅದರ ಮೇಲೆ ಕೂತ ಕಸವನ್ನು ಗ್ರಹಣಾಂಗಗಳಿಂದ ಬಾಚಿ ಬಾಚಿ ತಿನ್ನುತ್ತವೆ. ಹಂಡೆಯ ಅಂಚಿನ ಮೇಲೆ ಗರಿ ಬಿಚ್ಚಿ ಕೂರುವ ಗರಿ ನಕ್ಷತ್ರ ಅನ್ನುವ ಪ್ರಾಣಿಗಳಿವೆ. ಎತ್ತರದ ಜಾಗ ಹಿಡಿದರೆ ಹರಿವ ನೀರಿನಲ್ಲಿ ಊಟ ಜಾಸ್ತಿ. ಸಂಧಿಗಳಲ್ಲಿ ಹಾವುಬಾಲದಂಥ ತೋಳಿನ ನಕ್ಷತ್ರಗಳು, ಒಳಗೆ ಪುಟ್ಟ ಮೀನು, ಏಡಿ. ಒಮ್ಮೊಮ್ಮೆ ಕಪ್ಪೆಮೀನು ಪಕ್ಕಕ್ಕೆ ಒರಗಿ ತಾನೂ ಸ್ಪಂಜಿನ ತುಂಡೇ ಅನ್ನುವ ಹಾಗೆ ಕೂತಿರುತ್ತದೆ. ಅದನ್ನು ನಂಬಿ ಹತ್ತಿರ ಬಂದ ಮೀನು ಹೋಯಿತು ಅಂತಲೇ ಲೆಕ್ಕ.

ಎಲ್ಲರೂ ಒಳ್ಳೆಯ ಬಾಡಿಗೆದಾರರಲ್ಲ. ಕೆರಿಬಿಯನ್ನಿನ ಗಿಳಿಮೀನುಗಳು ಹಂಡೆಯ ಗೋಡೆಯನ್ನೇ ಕಚ್ಚಿ ಹೋಗುತ್ತವೆ. ಕಚ್ಚಿದ ಜಾಗ ಬೆಳ್ಳಗೆ ಕಾಣುತ್ತದೆ. ಮನುಷ್ಯರೂ ಕಡಿಮೆಯಿಲ್ಲ. ಒಳಗಿಳಿದು ತಲೆ ಮಾತ್ರ ಹೊರಗೆ ಹಾಕಿ ಫೋಟೋ ತೆಗೆಸಿಕೊಳ್ಳುವವರಿದ್ದಾರೆ. ಗಟ್ಟಿ ಅಂದರೂ ಅಂಚು ಹಪ್ಪಳದ ಹಾಗೆ ಮುರಿಯುತ್ತದೆ. ಆ ಫೋಟೋ ನೋಡಿದರೆ ನನಗೆ ಮೈ ಉರಿಯುತ್ತದೆ.

ಯಾಕೆ ಅಂದರೆ, ಆ ಹಂಡೆಯ ವಯಸ್ಸು. ಮರಕ್ಕಿರುವ ಹಾಗೆ ಇದಕ್ಕೆ ಎಣಿಸುವ ಉಂಗುರಗಳಿಲ್ಲ. ಫ್ಲಾರಿಡಾದ ಕಾಂಕ್ ರೀಫ್ ಅನ್ನುವ ಹವಳದ ದಿಬ್ಬದಲ್ಲಿ ವಿಜ್ಞಾನಿಗಳಾದ ಸ್ಟೀವನ್ ಮೆಕ್‌ಮರಿ, ಜೋಸೆಫ್ ಪಾಲಿಕ್ ಮತ್ತು ಸಂಗಡಿಗರು ಒಂದು ದಾರಿ ಹುಡುಕಿದರು. ಅವೇ ಸ್ಪಂಜುಗಳ ಫೋಟೋವನ್ನು ನಾಲ್ಕೂವರೆ ವರ್ಷ ಬಿಟ್ಟು ಮತ್ತೆ ತೆಗೆದು ಎಷ್ಟು ದಪ್ಪಗಾಗಿವೆ ಅಂತ ಅಳೆದರು. ಚಿಕ್ಕವು ಬೇಗ ಬೆಳೆಯುತ್ತವೆ, ದೊಡ್ಡವು ತೀರಾ ನಿಧಾನ. ಆ ಲೆಕ್ಕವನ್ನು 2008ರಲ್ಲಿ ಪ್ರಕಟಿಸಿದರು. ಕಾಂಕ್ ರೀಫ್‌ನ ಅತಿ ದೊಡ್ಡ ಸ್ಪಂಜಿಗೆ ಸುಮಾರು 127 ವರ್ಷ. ಅದೇ ಲೆಕ್ಕವನ್ನು ಕುರಸಾವ್ ದ್ವೀಪದ ಒಂದು ಭಾರಿ ಸ್ಪಂಜಿಗೆ ಹಾಕಿದಾಗ ಬಂದ ಅಂದಾಜು 2,300 ವರ್ಷ. ಅಂದಾಜೇ ಸರಿ, ಆದರೆ ಅರ್ಧಕ್ಕರ್ಧ ತಪ್ಪಿದರೂ ಬೇಲೂರಿನ ದೇವಸ್ಥಾನಕ್ಕಿಂತ ಹಳೆಯದು. ಆ ಸ್ಪಂಜು ಈಗಿಲ್ಲ. 1990ರ ದಶಕದ ಕೊನೆಯಲ್ಲಿ ರೋಗ ಬಂದು ಕೆಲವೇ ವಾರಗಳಲ್ಲಿ ಕರಗಿಹೋಯಿತು. ಹವಳ ಸತ್ತರೆ ಕಲ್ಲಾದರೂ ಉಳಿಯುತ್ತದೆ. ಇದು ಫೋಟೋದಲ್ಲಿ ಮಾತ್ರ ಉಳಿದಿದೆ.

ರೋಗವಲ್ಲದೆ ಇನ್ನೊಂದು ಕಾಟವಿದೆ. ಮೀನು ಹಿಡಿಯುವ ಹಗ್ಗ, ದಾರ ಕಡಲಿನಲ್ಲಿ ಕಳೆದುಹೋಗಿ ಬುಡಕ್ಕೆ ಸುತ್ತಿಕೊಳ್ಳುತ್ತವೆ. ಅಲೆ ಎಳೆದ ಹಾಗೆಲ್ಲ ಕೊಯ್ಯುತ್ತವೆ. ಒಂದು ದಿನ ಹಂಡೆ ಉರುಳುತ್ತದೆ. ಉರುಳಿದ್ದು ತಕ್ಷಣ ಸಾಯುವುದಿಲ್ಲ, ಆದರೆ ಅಲೆಗೆ ಸಿಕ್ಕಿ ಅತ್ತಿತ್ತ ಹೊರಳುತ್ತಾ ತೇಯ್ದುಹೋಗುತ್ತದೆ. ಅಂಟು ಹಾಕಿದರೆ ಹಿಡಿಯುವುದಿಲ್ಲ. ಮೆಕ್‌ಮರಿ ಮತ್ತು ಪಾಲಿಕ್ ಆಗ ಮಾಡಿದ ಉಪಾಯ ಪುತ್ತೂರಿನ ಮೂಳೆ ಕಟ್ಟುವವರ ಉಪಾಯದ್ದೇ: ಅಲುಗಾಡದ ಹಾಗೆ ಕಟ್ಟಿ ಬಿಡುವುದು. ಕಾಂಕ್ರೀಟಿನ ಭಾರ, ಪ್ಲಾಸ್ಟಿಕ್ ಜಾಲರಿಯ ಆಸರೆ. ಅದರೊಳಗೆ ಮುರಿದ ಸ್ಪಂಜನ್ನು ನೆಟ್ಟಗೆ ನಿಲ್ಲಿಸಿದರು. ಮಧ್ಯೆ ಚಂಡಮಾರುತಗಳು ಬಂದು ಹೋದವು. ಎರಡು ವರ್ಷ ಕಳೆದು ನೋಡಿದಾಗ ಅರ್ಧಕ್ಕಿಂತ ಜಾಸ್ತಿ ಸ್ಪಂಜುಗಳು ಹೊಸದಾಗಿ ಬುಡ ಊರಿಕೊಂಡು, ಜೀವಂತವಾಗಿ ಅಲ್ಲೇ ನಿಂತಿದ್ದವು.

ನಮಸ್ಕಾರ.