ಹತ್ತಿರದಲ್ಲಿ ಯಾರೂ ಸಿಗದಿದ್ದಾಗ ಯಾವ ಡೇಟಿಂಗ್ ಸೈಟ್?

ಎಲ್ಲರಿಗೂ ನಮಸ್ಕಾರ.

ಮೊದಲು ನನ್ನ ಪೆದ್ದುತನವನ್ನೇ ಹೇಳಿಬಿಡುತ್ತೇನೆ. ಒಂದು ಡೇಟಿಂಗ್ ಸೈಟಿನವರು 'ನಮ್ಮಲ್ಲಿ ಕೋಟ್ಯಂತರ ಸದಸ್ಯರಿದ್ದಾರೆ' ಅಂತ ಜಾಹೀರಾತು ಹಾಕಿದ್ದರು. ನಂಬಿ ಆರು ತಿಂಗಳ ದುಡ್ಡು ಒಟ್ಟಿಗೇ ಕಟ್ಟಿದೆ. ಒಳಗೆ ಹೋಗಿ ನೋಡಿದರೆ ನನ್ನ ಸುತ್ತಮುತ್ತ ಇದ್ದವರು ಒಂಬತ್ತೇ ಮಂದಿ. ಅದರಲ್ಲಿ ಇಬ್ಬರು ವರ್ಷದಿಂದ ಆ ಕಡೆ ತಲೆ ಹಾಕಿರಲಿಲ್ಲ. ಒಬ್ಬರಂತೂ ನನ್ನ ಆಫೀಸಿನವರೇ! ಮರುದಿನ ಲಿಫ್ಟಿನಲ್ಲಿ ಇಬ್ಬರೂ ಮಹಡಿಯ ನಂಬರನ್ನೇ ದಿಟ್ಟಿಸುತ್ತಾ ನಿಂತಿದ್ದೆವು.

ಕೋಟಿ ಜನ ಇದ್ದರೇನು ಬಂತು? ನೀವು ಹೋಗಿ ಭೇಟಿಯಾಗುವಷ್ಟು ದೂರದಲ್ಲಿ ಎಷ್ಟು ಜನ ಇದ್ದಾರೆ, ಅವರಲ್ಲಿ ಈ ವಾರ ಆಪ್ ತೆರೆದವರು ಎಷ್ಟು? ಸೈಟ್ ಆರಿಸುವಾಗ ನಾನು ಈಗ ಕೇಳಿಕೊಳ್ಳುವುದು ಇಷ್ಟೇ. ಇದನ್ನು ತಿಳಿಯಲು ದುಡ್ಡು ಬೇಕಿಲ್ಲ. ದೊಡ್ಡ ಆಪ್‌ಗಳಲ್ಲಿ ಖಾತೆ ತೆರೆಯುವುದು ಉಚಿತ. ಎರಡು ವಾರ ಸುಮ್ನೆ ನೋಡಿ. ದಿನಕ್ಕೆ ಎಷ್ಟು ಹೊಸ ಮುಖ ಬರುತ್ತವೆ ಅಂತ ಬರೆದಿಡಿ. ನಾಲ್ಕನೇ ದಿನಕ್ಕೇ ಹಳೇ ಮುಖಗಳು ತಿರುಗಿ ಬರತೊಡಗಿದರೆ, ದುಡ್ಡು ಕಟ್ಟಿದ ಮೇಲೂ ಬಹುಪಾಲು ಅವರೇ ಇರುತ್ತಾರೆ.

ಆಗ ಎಲ್ಲರೂ ಮಾಡುವುದು ಇನ್ನೂ ನಾಲ್ಕು ಆಪ್ ಹಾಕಿಕೊಳ್ಳುವುದು. ಟಿಂಡರ್, ಹಿಂಜ್, ಓಕೆಕ್ಯುಪಿಡ್, ಪ್ಲೆಂಟಿ ಆಫ್ ಫಿಶ್ ಎಲ್ಲವೂ ಮ್ಯಾಚ್ ಗ್ರೂಪ್ ಎಂಬ ಒಂದೇ ಕಂಪನಿಯವು. ಬೋರ್ಡ್ ಬೇರೆ, ಮಾಲೀಕ ಒಬ್ಬನೇ. ಹಾಗಂತ ಎಲ್ಲವೂ ಒಂದೇ ತರಹ ಅಲ್ಲ. 2012ರಲ್ಲಿ ಬಂದ ಟಿಂಡರ್‌ನಲ್ಲಿ ಫೋಟೋ ನೋಡಿ ಬೆರಳು ಸರಿಸುವುದೇ ಮುಖ್ಯ. ಜನ ಕಿಕ್ಕಿರಿದಿರುವ ಕಡೆ ಅದು ಸರಿ. 2004ರ ಓಕೆಕ್ಯುಪಿಡ್ ಪ್ರಶ್ನೆ ಕೇಳಿ, ಉತ್ತರಗಳು ಎಷ್ಟು ಹೊಂದುತ್ತವೆ ಅಂತ ಶೇಕಡಾವಾರು ತೋರಿಸುತ್ತದೆ. ಜನ ಕಡಿಮೆ ಇರುವ ಕಡೆ ನನಗೆ ಈ ಬಗೆಯದೇ ಇಷ್ಟ. ಎರಡು ಗಂಟೆ ಪ್ರಯಾಣ ಮಾಡಿ ಒಬ್ಬರನ್ನು ಭೇಟಿಯಾಗುವುದಾದರೆ, ಮೊದಲೇ ಸ್ವಲ್ಪ ಓದಿಕೊಂಡು ಹೋಗೋದು ಒಳ್ಳೇದು ಅಲ್ವಾ?

ಆದರೆ ಆಪ್ ಬದಲಿಸುವ ಮೊದಲು, ಎಷ್ಟು ದೂರದವರೆಗಿನ ಜನರನ್ನು ತೋರಿಸಬೇಕು ಅನ್ನುವ ಸೆಟ್ಟಿಂಗ್ ಬದಲಿಸಿ ನೋಡಿ. 20 ಕಿ.ಮೀ. ಇಟ್ಟಿದ್ದನ್ನು 40 ಮಾಡಿದರೆ ಹುಡುಕುವ ಜಾಗ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ವೃತ್ತದ ಲೆಕ್ಕ, ಶಾಲೆಯಲ್ಲಿ ಕಲಿತದ್ದು ಕೊನೆಗೂ ಕೆಲಸಕ್ಕೆ ಬಂತು! ಫಿಲ್ಟರ್‌ಗಳದ್ದು ಇದರ ಉಲ್ಟಾ. ನಲವತ್ತು ಜನ ಇದ್ದಾರೆ ಅಂದುಕೊಳ್ಳಿ. ವಯಸ್ಸು, ಎತ್ತರ, ಓದು ಅಂತ ಮೂರು ಷರತ್ತು ಹಾಕಿದಿರಿ, ಒಂದೊಂದಕ್ಕೂ ಅರ್ಧದಷ್ಟು ಜನ ಹೋದರು. ಉಳಿದವರು ಐದು. ಮಕ್ಕಳು ಬೇಕೋ ಬೇಡವೋ ಎಂಬಂಥದ್ದನ್ನು ಬಿಡಬೇಡಿ. ಎತ್ತರವನ್ನು ಬಿಡಬಹುದು.

ಇಷ್ಟಾದ ಮೇಲೂ ದುಡ್ಡು ಕಟ್ಟುವುದಾದರೆ ಒಂದೇ ತಿಂಗಳಿಗೆ ಕಟ್ಟಿ. ಆರು ತಿಂಗಳಿಗೆ ಅಗ್ಗ ಅಂತ ಆಸೆ ಹುಟ್ಟಿಸುತ್ತಾರೆ, ನನಗೆ ಹುಟ್ಟಿಸಿದ ಹಾಗೆ. ಇನ್ನೊಂದು ವಿಷಯ, ಫೋನಿನಿಂದ ಆಪ್ ತೆಗೆದುಹಾಕಿದರೆ ಚಂದಾ ನಿಲ್ಲುವುದಿಲ್ಲ. ಪ್ಲೇ ಸ್ಟೋರ್ ಅಥವಾ ಆಪ್ ಸ್ಟೋರ್‌ನ ಸಬ್‌ಸ್ಕ್ರಿಪ್ಶನ್ ಪುಟಕ್ಕೆ ಹೋಗಿ ರದ್ದು ಮಾಡಬೇಕು. ಸೈಟಿನಲ್ಲೇ ಕಟ್ಟಿದ್ದರೆ ಅಲ್ಲೇ.

ದೂರ ಹೆಚ್ಚಿಸಿದಾಗ ಮೋಸಗಾರರಿಗೂ ಅನುಕೂಲ. 'ಇಷ್ಟು ದೂರ ಹೇಗೆ ಬರಲಿ' ಅನ್ನುವ ನೆಪ ಅವರಿಗೆ ರೆಡಿ ಇರುತ್ತದೆ. ಹಾಗಾಗಿ ಒಂದು ವಾರದೊಳಗೆ ವೀಡಿಯೊ ಕಾಲ್ ಕೇಳಿಬಿಡಿ. ನಾಚಿಕೆ ಇರುವವರು ಸ್ವಲ್ಪ ತಡ ಮಾಡಬಹುದು, ತಪ್ಪೇನಿಲ್ಲ. ಮೂರು ಸಲ ಕೇಳಿದಾಗಲೂ ಕ್ಯಾಮೆರಾ ಕೆಟ್ಟಿದ್ದು, ನಾಲ್ಕನೇ ಸಲ ಟಿಕೆಟ್ಟಿಗೆ ದುಡ್ಡು ಕಳಿಸಿ ಅಂದರೆ ಬ್ಲಾಕ್ ಮಾಡಿ, ಆಪಿನವರಿಗೆ ರಿಪೋರ್ಟ್ ಮಾಡಿ.

ಈಗ ಪ್ರಶ್ನೆಗಳಿದ್ದರೆ ಕೇಳಿ. ಆಫೀಸಿನವರ ಕಥೆ ಮುಂದೆ ಏನಾಯಿತು ಅನ್ನೋದೊಂದು ಬಿಟ್ಟು.