ಅಣಬೆಗೂ ಸ್ವಲ್ಪ ಬಿಸಿಲು ಕಾಣಿಸಿ

(ಮೂಡಿಗೆರೆ ಹತ್ತಿರದ ಊರೊಂದರಲ್ಲಿ ಸ್ತ್ರೀಶಕ್ತಿ ಸಂಘದವರ ಮುಂದೆ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಅಂಗಳದಲ್ಲಿ ಒಂದು ಮೊರ ಇಟ್ಟಿದ್ದೇನೆ, ಕೋಳಿ ಬಾಯಿ ಹಾಕದ ಹಾಗೆ ಯಾರಾದರೂ ನೋಡಿಕೊಳ್ಳಿ.

ನಾನು ಅರಸೀಕೆರೆ ಕಡೆಯ ಬಯಲುಸೀಮೆಯವಳು. ಗುಡುಗಿದ ಮಾರನೇ ದಿನ ಅಣಬೆ ಎಲ್ಲಿ ಏಳುತ್ತದೆ ಅಂತ ಮಲೆನಾಡಿನವರಿಗೆ ನಾನೇನು ಹೇಳಲಿ? ಆದರೆ ಹುತ್ತದ ಅಣಬೆ ಗೆದ್ದಲಿನ ಬೇಸಾಯ ಅನ್ನುವುದು ಗೊತ್ತಾ? ಒಣ ಎಲೆ, ಕಡ್ಡಿ ತಂದು ಹುತ್ತದೊಳಗೆ ಅವು ಶಿಲೀಂಧ್ರ ಬೆಳೆಸಿಕೊಳ್ಳುತ್ತವೆ. ಮಳೆ ಬಿದ್ದಾಗ ಅದೇ ಕೊಡೆ ಬಿಚ್ಚಿ ಮೇಲೆ ಬರುತ್ತದೆ. ಅಣಬೆ ಕೀಳಿ, ಹುತ್ತ ಅಗೆಯಬೇಡಿ.

ಅಣಬೆಯಲ್ಲಿ ಜಾಸ್ತಿ ಇರುವುದು ನೀರು. 100 ಗ್ರಾಂನಲ್ಲಿ ಸುಮಾರು 90 ಗ್ರಾಂ ಅದೇ! ಪ್ರೋಟೀನ್ 3 ಗ್ರಾಂ ಅಷ್ಟೇ. ಹಾಗಾಗಿ ಇದನ್ನು ನಂಬಿ ಬೇಳೆ ಬಿಡಬೇಡಿ. ಕೊಬ್ಬು ಇಲ್ಲ ಅನ್ನುವಷ್ಟು ಕಡಿಮೆ. ನಾರು, ಬಿ ಗುಂಪಿನ ವಿಟಮಿನ್, ಪೊಟ್ಯಾಷಿಯಂ ಇವೆ. ಸಕ್ಕರೆ ಕಾಯಿಲೆಯವರು ತಿನ್ನಬಹುದು. ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳಿ.

ಈಗ ಮೊರದ ವಿಷಯ. ಅಣಬೆಯಲ್ಲಿ ಎರ್ಗೋಸ್ಟೆರಾಲ್ ಅಂತ ಒಂದಿದೆ. ಬಿಸಿಲಿನ ನೇರಳಾತೀತ ಕಿರಣ ತಾಗಿದರೆ ಅದು ವಿಟಮಿನ್ ಡಿ ಆಗುತ್ತದೆ. ಮಬ್ಬು ಕೋಣೆಯಲ್ಲಿ ಬೆಳೆದ ಅಂಗಡಿ ಅಣಬೆಗೆ ಆ ಭಾಗ್ಯವಿಲ್ಲ. ಹೆಚ್ಚಿ, ಹರಡಿ, ಮಧ್ಯಾಹ್ನದ ಬಿಸಿಲಲ್ಲಿ ಅರ್ಧ ಗಂಟೆ ಇಡಿ. ಗಾಜಿನ ಕಿಟಕಿ ಹಿಂದೆ ಇಟ್ಟರೆ ಸುಮ್ನೆ, ಬೇಕಾದ ಕಿರಣ ಗಾಜು ದಾಟುವುದಿಲ್ಲ. ಆಷಾಢದಲ್ಲಿ ನಮಗೆಲ್ಲಿ ಬಿಸಿಲು ಅಂತ ನಗುತ್ತಿದ್ದೀರಿ, ಅಲ್ವಾ? ಬಿಸಿಲಿದ್ದಾಗ ಗರಿಗರಿ ಒಣಗಿಸಿ ಡಬ್ಬಿಗೆ ತುಂಬಿ.

ಮೊದಲ ಸಲ ನಾನು ಪಲ್ಯ ಮಾಡಲು ಹೋಗಿ ಸಾರು ಮಾಡಿದ್ದೆ. ಮೊದಲೇ ಉಪ್ಪು ಹಾಕಿ ಮುಚ್ಚಳ ಮುಚ್ಚಿದ್ದೆ, ನೀರೋ ನೀರು. ಈಗ ಬಾಣಲೆ ಚೆನ್ನಾಗಿ ಕಾದ ಮೇಲೆ ಎಣ್ಣೆಯಿಲ್ಲದೆ ಅಣಬೆ ಹಾಕುತ್ತೇನೆ. ಚುರ್ ಅನ್ನುತ್ತದೆ, ನೀರು ಬಿಡುತ್ತದೆ. ಆ ನೀರು ಇಂಗಿ ಅಂಚು ಕೆಂಪಾದಾಗ ಒಂದು ಚಮಚ ಎಣ್ಣೆ, ಜಜ್ಜಿದ ಬೆಳ್ಳುಳ್ಳಿ, ಉಪ್ಪು, ನಿಮ್ಮ ತೋಟದ ಕಾಳುಮೆಣಸು. ಮೊದಲೇ ಎಣ್ಣೆ ಸುರಿದರೆ ಅಷ್ಟನ್ನೂ ಕುಡಿದುಬಿಡುತ್ತದೆ. ಕಾಯಿ ಹುರಿದು ಅರೆದ ಸಾರು, ಬಿಸಿ ಕಡುಬು ನಿಮ್ಮ ಕೈಯಲ್ಲೇ ಚೆನ್ನ, ಅದಕ್ಕೆ ನಾನು ಬಾಯಿ ಹಾಕುವುದಿಲ್ಲ. ಹಸಿಯಾಗಿ ಮಾತ್ರ ತಿನ್ನಬೇಡಿ.

ಒಬ್ಬರು ಕೇಳಿದರು, ಹುಳ ತಿಂದ ಅಣಬೆ ನಾವೂ ತಿನ್ನಬಹುದಾ ಅಂತ. ಇಲ್ಲ. ಹುಳದ ಹೊಟ್ಟೆ ಬೇರೆ, ನಮ್ಮದು ಬೇರೆ. ಬೆಳ್ಳಿ ಚಮಚ ಕಪ್ಪಾದರೆ ವಿಷ, ಬೆಳ್ಳುಳ್ಳಿ ಬಣ್ಣ ತಿರುಗಿದರೆ ವಿಷ ಅನ್ನುವ ಯಾವ ಪರೀಕ್ಷೆಯನ್ನೂ ನಂಬಬೇಡಿ. ಕೆಲವು ಅಣಬೆಯ ವಿಷ ಬೇಯಿಸಿದರೂ ಹೋಗುವುದಿಲ್ಲ. ಅಂಥ ಕೆಲವನ್ನು ತಿಂದರೆ ವಾಂತಿ, ಭೇದಿ ಶುರುವಾಗುವುದೇ 6ರಿಂದ 12 ಗಂಟೆ ಕಳೆದ ಮೇಲೆ. ಆಮೇಲೆ ಹುಷಾರಾದ ಹಾಗೆ ಕಾಣುತ್ತದೆ, ಒಳಗೆ ಲಿವರ್ ಕೆಡುತ್ತಿರುತ್ತದೆ. ಅನುಮಾನ ಬಂದರೆ ಕಾಯಬೇಡಿ. ಉಳಿದ ಅಣಬೆ ಹಿಡಿದುಕೊಂಡೇ ಆಸ್ಪತ್ರೆಗೆ ಓಡಿ. ಗುರುತಿಲ್ಲದ್ದನ್ನು ಕೀಳಲೇಬೇಡಿ.

ಅರ್ಧ ಗಂಟೆ ಆಯ್ತು ಅನ್ನಿಸುತ್ತೆ. ಅಕ್ಕ, ಆ ಮೊರ ಒಳಗೆ ತನ್ನಿ, ಒಲೆ ಹಚ್ಚೋಣ.