ಹನ್ನೆರಡು ತಂತಿ, ಎರಡು ಜೈಲು: ‘ಲೆಡ್‌ಬೆಲ್ಲಿ’ ಸಿನಿಮಾದಲ್ಲಿ ಏನು ನೋಡಬೇಕು?

[ದೃಶ್ಯ: ಜೈಲಿನ ಹೊಲ, ಸಾಲಾಗಿ ನಿಂತ ಕೈದಿಗಳು]

1933, ಲೂಸಿಯಾನಾದ ಅಂಗೋಲಾ ಜೈಲು. ಜಾನಪದ ಸಂಗ್ರಾಹಕ ಜಾನ್ ಲೋಮ್ಯಾಕ್ಸ್ ರೆಕಾರ್ಡಿಂಗ್ ಯಂತ್ರದ ಸಮೇತ ಬಂದಿದ್ದಾರೆ. ಎದುರಿಗೆ ಕೈದಿಯಾಗಿರೋ ಗಾಯಕ ಹಡ್ಡಿ ಲೆಡ್‌ಬೆಟರ್, ಅಡ್ಡಹೆಸರು ಲೆಡ್‌ಬೆಲ್ಲಿ. ಗಾರ್ಡನ್ ಪಾರ್ಕ್ಸ್ ನಿರ್ದೇಶನದ 1976ರ ಸಿನಿಮಾ ಈ ಭೇಟಿಯನ್ನೇ ಚೌಕಟ್ಟು ಮಾಡಿಕೊಂಡು ಅವನ ಹಿಂದಿನ ಬದುಕನ್ನ ಹೇಳುತ್ತೆ.

[ಕ್ಲೋಸಪ್: ಗಿಟಾರ್ ತಲೆ, ಹನ್ನೆರಡು ಬಿರಟೆ]

ಮೊದಲು ಗಿಟಾರ್ ನೋಡಿ. ತಂತಿ ಹನ್ನೆರಡು, ಅಂದ್ರೆ ಆರು ಜೋಡಿ. ತೆಳು ತಂತಿಯ ಎರಡು ಜೋಡಿಗಳಲ್ಲಿ ಎರಡಕ್ಕೂ ಒಂದೇ ಶ್ರುತಿ. ಉಳಿದ ನಾಲ್ಕರಲ್ಲಿ ದಪ್ಪ ತಂತಿಯ ಪಕ್ಕ ಒಂದು ಸ್ಥಾಯಿ ಮೇಲಿನ ತೆಳು ತಂತಿ. ಇಷ್ಟನ್ನೂ ಮಾಮೂಲಿ ಶ್ರುತಿಗೆ ಬಿಗಿದರೆ ಎಳೆತ ತಡೆಯದೆ ಕುದುರೆ (ತಂತಿ ಹಿಡಿದಿಡೋ ಪಟ್ಟಿ) ಕಿತ್ತು ಬರಬಹುದು, ಕುತ್ತಿಗೆ ಬಾಗಬಹುದು. ಲೆಡ್‌ಬೆಲ್ಲಿ ನಾಲ್ಕೈದು ಸ್ವರಸ್ಥಾನ ಇಳಿಸಿಕೊಳ್ಳುತ್ತಿದ್ದ. ಆ ಗುಡುಗು ಬಂದದ್ದು ಅಲ್ಲಿಂದ. ಹೆಬ್ಬೆರಳಲ್ಲಿ ಅವನು ನುಡಿಸೋ ಮಂದ್ರದ ಓಟ ಶ್ರೀವ್‌ಪೋರ್ಟ್‌ನ ಫ್ಯಾನಿನ್ ಬೀದಿಯಲ್ಲಿ ಕೇಳಿದ ಪಿಯಾನೋದ ಎಡಗೈ ವರಸೆ. ಸಿನಿಮಾದ ಫ್ಯಾನಿನ್ ಬೀದಿ ದೃಶ್ಯಗಳನ್ನ ಓಡಿಸಬೇಡಿ.

ಪರದೆ ಮೇಲೆ ಹಾಡೋನು ನಟ ರೋಜರ್ ಮೋಸ್ಲಿ, ದನಿ ಹೈಟೈಡ್ ಹ್ಯಾರಿಸ್‌ದು. ಹಿನ್ನೆಲೆ ಗಾಯನದಲ್ಲೇ ಬೆಳೆದ ನಮಗೆ ಇದು ಹೊಸದಲ್ಲ ಬಿಡಿ. ಆದ್ರೆ ಅಸಲಿ ದನಿ ಇನ್ನೂ ಒರಟು, ಇನ್ನೂ ಚೂಪು. ಸಿನಿಮಾ ಕೇಳಿ ಅದೇ ಲೆಡ್‌ಬೆಲ್ಲಿ ದನಿ ಅಂದುಕೊಂಡರೆ ಮೋಸ ಹೋದಿರಿ.

[ದೃಶ್ಯ: ಟೆಕ್ಸಸ್, ಶುಗರ್‌ಲ್ಯಾಂಡ್ ಜೈಲು]

ಇನ್ನು ಆ ಪ್ರಸಿದ್ಧ ಕಥೆ: ಹಾಡಿ ಜೈಲಿಂದ ಹೊರಬಂದ. ಅರ್ಧ ನಿಜ. 1918ರಲ್ಲಿ ಕೊಲೆ ಪ್ರಕರಣ, ವಾಲ್ಟರ್ ಬಾಯ್ಡ್ ಅನ್ನೋ ಸುಳ್ಳು ಹೆಸರಲ್ಲಿ 7ರಿಂದ 35 ವರ್ಷ ಶಿಕ್ಷೆ. ಗವರ್ನರ್ ಪ್ಯಾಟ್ ನೆಫ್ ಮುಂದೆ ಹಾಡಿದ್ದೂ ಹೌದು, 1925ರಲ್ಲಿ ಕ್ಷಮಾದಾನ ಸಿಕ್ಕಿದ್ದೂ ಹೌದು. ಆದ್ರೆ ಅಷ್ಟೊತ್ತಿಗೆ ಕನಿಷ್ಠ 7 ವರ್ಷ ಹೆಚ್ಚುಕಡಿಮೆ ಮುಗಿದೇ ಹೋಗಿತ್ತು. ಆಮೇಲೆ ಇನ್ನೊಂದು ಶಿಕ್ಷೆಗೆ ಅಂಗೋಲಾ ಸೇರಿದ. 1934ರಲ್ಲಿ ಅಲ್ಲಿಂದಲೂ ಹಾಡೇ ಬಿಡಿಸ್ತು ಅಂತ ಪತ್ರಿಕೆಗಳು ಬರೆದವು. ದಾಖಲೆ ಹೇಳೋದು ಬೇರೆ: ಸನ್ನಡತೆಗೆ ಸಿಗೋ ಮಾಮೂಲಿ ಕಡಿತ, ಅಷ್ಟೇ.

ಸಿನಿಮಾ ಜೈಲಲ್ಲೇ ನಿಲ್ಲುತ್ತೆ. ಆಮೇಲಿನ ನ್ಯೂಯಾರ್ಕ್ ಬದುಕು ಇಲ್ಲ, ಲೋಮ್ಯಾಕ್ಸ್ ಜೊತೆ ದುಡ್ಡಿನ ಜಗಳ ಇಲ್ಲ. ನನ್ನ ಪ್ರಕಾರ ಚಿತ್ರದ ದೊಡ್ಡ ಕೊರತೆ ಇದೇ, ಯಾಕಂದ್ರೆ ಬಡತನ ಜೈಲಿನ ಗೇಟಲ್ಲಿ ಮುಗಿಯಲಿಲ್ಲ. 1949ರ ಡಿಸೆಂಬರ್‌ನಲ್ಲಿ ನರ-ಸ್ನಾಯು ಕಾಯಿಲೆ ಎಎಲ್‌ಎಸ್‌ನಿಂದ ಲೆಡ್‌ಬೆಲ್ಲಿ ತೀರಿಕೊಂಡ. ಮರುವರ್ಷ ವೀವರ್ಸ್ ತಂಡ ಅವನ ‘ಗುಡ್‌ನೈಟ್ ಐರೀನ್’ ಹಾಡಿತು. ಅದು ಅಮೆರಿಕದಲ್ಲಿ ನಂಬರ್ 1 ಆದಾಗ ಅವನು ಸತ್ತು ವರ್ಷವೂ ತುಂಬಿರಲಿಲ್ಲ.